ಬೇಸ್‌ಮೆಂಟಿನ ರೇಡಾನ್: ಅಳೆಯುವುದು ಹೇಗೆ?

ಪ್ರಶ್ನೆ: ಅಮೆರಿಕದ ಅಯೋವಾದ ಹಳ್ಳಿಯೊಂದರಲ್ಲಿ ಮನೆ ಕೊಂಡಿದ್ದೇವೆ. ಊರಿಂದ ಬರುವ ಅಪ್ಪ ಅಮ್ಮನಿಗೆ ಬೇಸ್‌ಮೆಂಟ್ ಕೋಣೆ ಕೊಡುವ ಯೋಚನೆ. ಪಕ್ಕದ ಮನೆಯಲ್ಲಿ ರೇಡಾನ್ (ಮಣ್ಣಿನಿಂದ ಮನೆಯೊಳಗೆ ಸೇರುವ, ಶ್ವಾಸಕೋಶದ ಕ್ಯಾನ್ಸರ್ ತರಬಲ್ಲ ವಿಕಿರಣಶೀಲ ಅನಿಲ) ಕಡಿಮೆಯಂತೆ. ನಾವೂ ಪರೀಕ್ಷಿಸಬೇಕೆ?

ಉತ್ತರ: ಖಂಡಿತ. ಪಕ್ಕದ ಮನೆಯ ಅಂಕಿ ನಿಮಗೆ ಲೆಕ್ಕಕ್ಕಿಲ್ಲ. ಅಡಿಯ ಮಣ್ಣು, ಕಾಂಕ್ರೀಟಿನ ಬಿರುಕು ಮನೆಮನೆಗೂ ಬೇರೆ.

ಇದ್ದಿಲಿನ ಕಿಟ್ ತನ್ನಿ; ಅದರ ಡಬ್ಬಿಯಲ್ಲಿರುವ ಇದ್ದಿಲು ಗಾಳಿಯ ರೇಡಾನ್ ಹೀರಿಕೊಳ್ಳುತ್ತದೆ. 12 ಗಂಟೆ ಮೊದಲೇ ಕಿಟಕಿಗಳನ್ನೆಲ್ಲ ಮುಚ್ಚಿ, ಪರೀಕ್ಷೆ ಮುಗಿಯುವವರೆಗೂ ತೆರೆಯಬೇಡಿ; ಹೋಗಿಬರಲು ಬಾಗಿಲು ತೆಗೆದರೆ ಅಡ್ಡಿಯಿಲ್ಲ. ಡಬ್ಬಿಯನ್ನು ಅಪ್ಪ ಅಮ್ಮ ಮಲಗುವ ಕೋಣೆಯಲ್ಲೇ, ನೆಲದಿಂದ ಕನಿಷ್ಠ 20 ಇಂಚು ಮೇಲೆ, ಕಿಟಕಿಯಿಂದ 3 ಅಡಿ ದೂರ ಇಡಿ. ಬಚ್ಚಲಿನ ಹತ್ತಿರ ಬೇಡ, ಇದ್ದಿಲು ತೇವ ಹೀರಿದರೆ ಅಂಕಿ ಕೆಡುತ್ತದೆ. ಕಿಟ್ ಹೇಳಿದ ಅವಧಿ (48 ಗಂಟೆಗೆ ಕಡಿಮೆಯಿಲ್ಲ) ಮುಗಿದೊಡನೆ ಡಬ್ಬಿ ಮುಚ್ಚಿ, ಸಮಯ ಬರೆದು, ಅಂದೇ ಪ್ರಯೋಗಾಲಯಕ್ಕೆ ಅಂಚೆಯಲ್ಲಿ ಕಳಿಸಿ. ಬಹಳಷ್ಟು ಜನ ಎಡವುವುದು ಇಲ್ಲೇ: ರೇಡಾನ್ 3.8 ದಿನಕ್ಕೆ ಅರ್ಧಕ್ಕಿಳಿಯುತ್ತದೆ, ವಾರಗಟ್ಟಲೆ ಮೇಜಿನ ಮೇಲೆ ಬಿದ್ದ ಡಬ್ಬಿಯಲ್ಲಿ ಎಣಿಸಲು ಹೆಚ್ಚೇನೂ ಉಳಿದಿರುವುದಿಲ್ಲ.

ಫಲಿತಾಂಶ ಲೀಟರ್ ಗಾಳಿಗೆ 4 ಪಿಕೊಕ್ಯೂರಿ (ವಿಕಿರಣಶೀಲತೆಯ ಅಳತೆ) ಮುಟ್ಟಿದರೆ ಮತ್ತೊಮ್ಮೆ ಅಳೆಯಿರಿ. 8 ದಾಟಿದ್ದರೆ ತಡ ಬೇಡ. ಎರಡನೇ ಸಲವೂ ಹೆಚ್ಚೇ ಬಂದರೆ ಬಿರುಕು ಮುಚ್ಚಿದರಷ್ಟೇ ಸಾಲದು. ಕಾಂಕ್ರೀಟಿನ ಅಡಿಯಿಂದ ಪೈಪ್ ಎತ್ತಿ, ಫ್ಯಾನ್ ಹಾಕಿಸಿ ಗಾಳಿಯನ್ನು ಸೂರಿನ ಮೇಲಕ್ಕೆ ಬಿಡಬೇಕು. ಫ್ಯಾನ್ ಮಾತ್ರ ಬೇಸ್‌ಮೆಂಟಿನೊಳಗೆ ಬೇಡ, ಅಟ್ಟದಲ್ಲೋ ಹೊರಗೋ ಇರಲಿ. ಫ್ಯಾನಿನಿಂದ ಮೇಲಿನ ಪೈಪು ಸೋರಿದರೆ ಅನಿಲ ಮನೆಯೊಳಗೇ ನುಗ್ಗುತ್ತದೆ.