ಪರದೆ ಮಿಣುಕಿದರೆ ಮೊದಲು ಮೆನು ಒತ್ತಿ

ಟಿವಿ ಪರದೆ ಮಿಣುಕುವ ಬಗ್ಗೆ ಬಂದಿರುವ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರ ಓದುವ ಮುನ್ನ ಎಲ್ಲರೂ ಒಂದು ಪರೀಕ್ಷೆ ಮಾಡಿಕೊಳ್ಳಿ. ಪರದೆ ಮಿಣುಕುತ್ತಿರುವಾಗಲೇ ರಿಮೋಟ್‌ನಿಂದ ಟಿವಿಯ ಸ್ವಂತ ಮೆನು ತೆರೆಯಿರಿ. ಹಿಂದಿನ ಚಿತ್ರ ಮಾತ್ರ ಮಿಣುಕಿ ಮೆನು ನಿಶ್ಚಲವಾಗಿದ್ದರೆ ದೋಷ ಬಹುಪಾಲು ಹೊರಗಿದೆ. ಮೆನುವೂ ಜೊತೆಗೇ ಮಿಣುಕಿದರೆ ಪವರ್ ಕೇಬಲ್ ಬಿಟ್ಟು ಉಳಿದೆಲ್ಲ ಕೇಬಲ್ ಕಿತ್ತು, ಪೆನ್‌ಡ್ರೈವ್‌ನಿಂದ ಒಂದು ವಿಡಿಯೊ ಹಾಕಿ ನೋಡಿ. ಆಗಲೂ ಮಿಣುಕಿದರೆ ದೋಷ ಟಿವಿಯ ಒಳಗೇ ಇದೆ.

ಪ್ರಶ್ನೆ: ನಮ್ಮ 43 ಇಂಚಿನ ಎಲ್‌ಇಡಿ ಟಿವಿ ಹಾಕಿದ ಕೆಲವು ನಿಮಿಷಕ್ಕೆ ಮಿಣುಕಿ ಕತ್ತಲಾಗುತ್ತದೆ. ಶಬ್ದ ಮಾತ್ರ ಬರುತ್ತಿರುತ್ತದೆ. ಆಫ್ ಮಾಡಿ ಹಾಕಿದರೆ ಸ್ವಲ್ಪ ಹೊತ್ತು ಸರಿ. ಪ್ಯಾನೆಲ್ ಹೋಗಿದೆ ಎನ್ನುತ್ತಾರೆ. ನಿಜವೇ?

ಉತ್ತರ: ನೀವು ಹೇಳುವ ಲಕ್ಷಣ ಪ್ಯಾನೆಲ್‌ನದಲ್ಲ, ಅದರ ಹಿಂದೆ ಬೆಳಗುವ ಬ್ಯಾಕ್‌ಲೈಟ್‌ನದು. ಖಚಿತಪಡಿಸಿಕೊಳ್ಳಲು ಕೋಣೆಯ ದೀಪ ಆರಿಸಿ, ಪರದೆ ಕತ್ತಲಾದಾಗ ಟಾರ್ಚನ್ನು ಗಾಜಿನ ಹತ್ತಿರ ಹಿಡಿದು ಓರೆಯಾಗಿ ಬೆಳಕು ಬಿಡಿ. ಮಸುಕಾಗಿ ಚಿತ್ರ ಚಲಿಸುವುದು ಕಂಡರೆ ಪ್ಯಾನೆಲ್ ಬದುಕಿದೆ. ಪ್ಯಾನೆಲ್ ಬದಲಿಸಲು ಅಥವಾ ಟಿವಿ ಎಸೆಯಲು ಒಪ್ಪುವ ಮೊದಲು ಈ ಪರೀಕ್ಷೆ ಮಾಡಲೇಬೇಕು.

ಒಳಗೆ ಎಲ್‌ಇಡಿ ಪಟ್ಟಿಗಳು ಅಲಂಕಾರದ ಸೀರಿಯಲ್ ಸೆಟ್‌ನಂತೆ ಒಂದರ ಹಿಂದೊಂದು ಜೋಡಣೆಯಾಗಿರುತ್ತವೆ. ಒಂದು ಎಲ್‌ಇಡಿ ಬಿಸಿಯಾದಾಗ ಒಳಗಿನ ಸಂಪರ್ಕ ಬಿಟ್ಟುಕೊಂಡರೂ ಆ ಸಾಲಿನಲ್ಲಿ ವಿದ್ಯುತ್ ಹರಿಯುವುದು ನಿಲ್ಲುತ್ತದೆ. ಡ್ರೈವರ್ ಸರ್ಕ್ಯೂಟ್ ಕರೆಂಟ್ ಹರಿಸಲು ವೋಲ್ಟೇಜ್ ಏರಿಸುತ್ತಾ ಹೋಗಿ, ಮಿತಿ ದಾಟಿದೊಡನೆ ರಕ್ಷಣೆಗಾಗಿ ತಾನೇ ಆರಿಹೋಗುತ್ತದೆ. ಆಫ್ ಮಾಡಿದಾಗ ಎಲ್‌ಇಡಿ ತಣಿದು ಸಂಪರ್ಕ ಮತ್ತೆ ಕೂಡುತ್ತದೆ, ರಕ್ಷಣೆಯೂ ತೆರವಾಗುತ್ತದೆ. ಅದಕ್ಕೇ ಮರಳಿ ಹಾಕಿದಾಗ ಸ್ವಲ್ಪ ಹೊತ್ತು ಸರಿಯಿರುತ್ತದೆ.

ಕೆಟ್ಟ ಎಲ್‌ಇಡಿ ಯಾವುದೆಂದು ಹುಡುಕಲು ಬ್ಯಾಕ್‌ಲೈಟ್ ಟೆಸ್ಟರ್ ಬೇಕು. ಸಾಮಾನ್ಯವಾಗಿ ಈ ಎಲ್‌ಇಡಿಗಳು 3 ಅಥವಾ 6 ವೋಲ್ಟಿನವು. 6 ವೋಲ್ಟಿನದನ್ನು ಮಲ್ಟಿಮೀಟರ್‌ನ ಡಯೋಡ್ ಪರೀಕ್ಷೆಯಲ್ಲಿ ಬೆಳಗಿಸಲು ಆಗುವುದಿಲ್ಲ. ಬೆಳಗಲಿಲ್ಲವೆಂದು ಅದನ್ನು ಕೆಟ್ಟದ್ದೆಂದು ಎಣಿಸಬೇಡಿ. ಕೆಟ್ಟ ಒಂದನ್ನು ತಂತಿಯಿಂದ ಶಾರ್ಟ್ ಮಾಡಿ ಸಾಲನ್ನು ಉರಿಸುವ ರೂಢಿಯಿದೆ. ಅದು ದುರಸ್ತಿಯಲ್ಲ. ಪರದೆಯಲ್ಲಿ ಕಪ್ಪು ಕಲೆ ಉಳಿಯುತ್ತದೆ, ಅಷ್ಟೇ ವಯಸ್ಸಾದ ಉಳಿದ ಎಲ್‌ಇಡಿಗಳೂ ಹಿಂದೆಯೇ ಸಾಯತೊಡಗುತ್ತವೆ. ಪಟ್ಟಿಗಳನ್ನು ಪೂರ್ತಿ ಸೆಟ್ ಆಗಿಯೇ ಬದಲಿಸಿ. ಪಟ್ಟಿಯ ಮೇಲೆ ಮುದ್ರಿಸಿರುವ ಸಂಖ್ಯೆ, ಉದ್ದ, ಎಲ್‌ಇಡಿಗಳ ಎಣಿಕೆ, ವೋಲ್ಟೇಜ್ ನಾಲ್ಕೂ ಹೊಂದಬೇಕು.

ಈ ಕೆಲಸದಲ್ಲಿ ಪ್ಯಾನೆಲ್ ಒಡೆಯುವುದು ಅದನ್ನು ಎತ್ತುವಾಗ. ಅಂಚಿನಲ್ಲಿರುವ ತೆಳ್ಳನೆಯ ರಿಬ್ಬನ್‌ಗಳು ಒಮ್ಮೆ ಹರಿದರೆ ಮನೆಯಲ್ಲಿ ಕೂಡಿಸಲಾಗುವುದಿಲ್ಲ. ಇಬ್ಬರು ಸೇರಿ, ಬಾಗದಂತೆ ಎತ್ತಿ, ಮೆತ್ತನೆಯ ಬಟ್ಟೆ ಹಾಸಿದ ಸಮತಟ್ಟಾದ ಮೇಜಿನ ಮೇಲೆ ಇಡಿ. ಅದರ ಹಿಂದಿನ ಬಿಳಿ ಹಾಳೆಗಳ ಕ್ರಮ ಮತ್ತು ದಿಕ್ಕನ್ನು ಮೊದಲೇ ಫೋಟೊ ತೆಗೆದುಕೊಳ್ಳಿ. ಅಷ್ಟು ಜಾಗವೂ ಜೊತೆಗಾರರೂ ಇಲ್ಲದಿದ್ದರೆ ಈ ಕೆಲಸವನ್ನು ತಂತ್ರಜ್ಞರಿಗೇ ಬಿಡಿ.

ಸರಿಯಾದ ಮೇಲೆ ಮೆನುವಿನಲ್ಲಿ ಬ್ಯಾಕ್‌ಲೈಟ್ ಮಟ್ಟವನ್ನು 100ರಿಂದ 60ರ ಆಸುಪಾಸಿಗೆ ಇಳಿಸಿ. ಎಲ್‌ಇಡಿಗಳನ್ನು ಕೊಲ್ಲುವುದು ಶಾಖ. ಎಷ್ಟೋ ಟಿವಿಗಳಲ್ಲಿ ‘ಬ್ರೈಟ್‌ನೆಸ್’ ಎಂಬುದು ಚಿತ್ರದ ಕಪ್ಪಿನ ಮಟ್ಟವನ್ನಷ್ಟೇ ಬದಲಿಸುತ್ತದೆ. ಅದನ್ನು ಇಳಿಸಿದರೆ ಎಲ್‌ಇಡಿಗಳಿಗೆ ಯಾವ ಆರಾಮವೂ ಸಿಗುವುದಿಲ್ಲ.

ಪ್ರಶ್ನೆ: ಬೆಳಿಗ್ಗೆ ಹಾಕಿದಾಗ ಮೊದಲ ಹತ್ತು ನಿಮಿಷ ಮಿಣುಕುತ್ತದೆ, ಆಮೇಲೆ ದಿನವಿಡೀ ಚೆನ್ನಾಗಿರುತ್ತದೆ. ಹಾಗೇ ಬಿಡಬಹುದೇ?

ಉತ್ತರ: ಬಿಡಬೇಡಿ. ಪವರ್ ಬೋರ್ಡಿನಲ್ಲಿ ವಿದ್ಯುತ್ ಹಿಡಿದಿಟ್ಟು ಪೂರೈಕೆಯನ್ನು ಸಮವಾಗಿಸುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗುತ್ತಿರುವ ಸೂಚನೆ ಇದು. ಒಳಗಿನ ದ್ರವ ಕಡಿಮೆಯಾದಂತೆ ಅವುಗಳ ಆಂತರಿಕ ರೋಧ, ಅಂದರೆ ಇಎಸ್‌ಆರ್, ಏರುತ್ತದೆ. ತಣ್ಣಗಿರುವಾಗ ಇನ್ನೂ ಹೆಚ್ಚು. ಬಿಸಿಯಾದ ಮೇಲೆ ರೋಧ ಇಳಿದು ಪೂರೈಕೆ ನೇರವಾಗುತ್ತದೆ. ಹತ್ತು ನಿಮಿಷವಿದ್ದದ್ದು ಬರಬರುತ್ತಾ ಅರ್ಧ ಗಂಟೆಯಾಗಿ, ಒಂದು ದಿನ ಟಿವಿ ಹತ್ತುವುದೇ ಇಲ್ಲ.

ತಲೆ ಉಬ್ಬಿದ ಕೆಪಾಸಿಟರ್ ಕಣ್ಣಿಗೇ ಕಾಣುತ್ತದೆ. ಉಬ್ಬದೆಯೂ ಕೆಟ್ಟಿರಬಹುದು, ಮೈಕ್ರೋಫ್ಯಾರಡ್ ಅಳತೆ ಸರಿ ತೋರಿಸಿದರೂ ಇಎಸ್‌ಆರ್ ಕೆಟ್ಟಿರಬಹುದು. ಹಾಗಾಗಿ ಇಎಸ್‌ಆರ್ ಮೀಟರ್‌ನಿಂದಲೇ ಅಳೆಯಿರಿ. ಬದಲಿಗೆ ಹಾಕುವುದರ ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಲಿ, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚಿರಲಿ. 105 ಡಿಗ್ರಿಯ, ಕಡಿಮೆ ಇಎಸ್‌ಆರ್‌ನದೇ ಆಗಬೇಕು. ಮೈಮೇಲಿನ ಪಟ್ಟೆ ನೆಗೆಟಿವ್ ಕಡೆಯದು, ತಿರುವುಮುರುವಾದರೆ ಸಿಡಿಯುತ್ತದೆ. ಎತ್ತರವನ್ನೂ ನೋಡಿಕೊಳ್ಳಿ, ಹಿಂಬದಿಯ ಮುಚ್ಚಳ ಕೂರಬೇಕಲ್ಲ.

ಎಚ್ಚರಿಕೆಯ ಮಾತು: ಪ್ಲಗ್ ಕಿತ್ತ ಮೇಲೂ ದೊಡ್ಡ ಫಿಲ್ಟರ್ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. 230 ವೋಲ್ಟ್ ಪೂರೈಕೆಯಲ್ಲಿ ಅದು ಸುಮಾರು 325 ವೋಲ್ಟ್, ಪವರ್ ಫ್ಯಾಕ್ಟರ್ ಸರಿಪಡಿಸುವ ಪಿಎಫ್‌ಸಿ ಸರ್ಕ್ಯೂಟ್ ಇದ್ದರೆ ಇನ್ನೂ ಹೆಚ್ಚು. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವುದು ಅಪಾಯ. 2.2 ಕಿಲೊ ಓಮ್, 10 ವ್ಯಾಟ್‌ನ ರೆಸಿಸ್ಟರನ್ನು ಇನ್ಸುಲೇಷನ್ ಇರುವ ತಂತಿಗಳಿಂದ ಕೆಲವು ಸೆಕೆಂಡ್ ಅದರ ಎರಡು ತುದಿಗೆ ಹಿಡಿದು, ಮೀಟರ್ ಸೊನ್ನೆಯ ಹತ್ತಿರ ಬಂದುದನ್ನು ನೋಡಿದ ಮೇಲೆಯೇ ಬೋರ್ಡ್ ಮುಟ್ಟಿ.

ಪ್ರಶ್ನೆ: ಗೇಮ್ ಕನ್ಸೋಲ್ ಹಾಕಿದಾಗ ಮಾತ್ರ ಪರದೆ ಒಂದು ಸೆಕೆಂಡ್ ಕಪ್ಪಾಗಿ ಮರಳುತ್ತದೆ.

ಉತ್ತರ: ಎಚ್‌ಡಿಎಂಐ ಕೇಬಲ್ ಮೇಲೆ ಅನುಮಾನ. 4ಕೆ, 60 ಹರ್ಟ್ಸ್ ಚಿತ್ರವನ್ನು ಪೂರ್ಣ ಬಣ್ಣದಲ್ಲಿ ಸಾಗಿಸಲು ಸೆಕೆಂಡಿಗೆ 18 ಗಿಗಾಬಿಟ್ ತಾಳುವ ಕೇಬಲ್ ಬೇಕು, 120 ಹರ್ಟ್ಸ್‌ಗೆ 48 ಗಿಗಾಬಿಟ್‌ನದು. ಕನ್ಸೋಲ್ ಔಟ್‌ಪುಟ್ಟನ್ನು 1080ಪಿಗೆ ಇಳಿಸಿ ನೋಡಿ. ತೊಂದರೆ ನಿಂತರೆ ಹೊಸ, ಗಿಡ್ಡನೆಯ ಕೇಬಲ್ ಹಾಕಿ. ನಿಲ್ಲದಿದ್ದರೆ ಬೇರೆ ಪೋರ್ಟಿಗೆ ಬದಲಿಸಿ. ಕಪ್ಪಾಗದೆ, ಕತ್ತಲ ದೃಶ್ಯಗಳಲ್ಲಿ ಬೆಳಕು ತುಯ್ದಾಡಿದಂತಾದರೆ ಗೇಮಿನ ಫ್ರೇಮ್ ವೇಗಕ್ಕೆ ತಕ್ಕಂತೆ ಪರದೆಯ ರಿಫ್ರೆಶ್ ದರ ಬದಲಿಸುವ ವಿಆರ್‌ಆರ್ ಆಯ್ಕೆ ಆಫ್ ಮಾಡಿ ನೋಡಿ.

ಪ್ರಶ್ನೆ: ಕಣ್ಣಿಗೆ ಪರದೆ ಸರಿಯಿದೆ, ಮೊಬೈಲ್ ಕ್ಯಾಮೆರಾದಲ್ಲಿ ಪಟ್ಟೆಗಳು ಓಡುತ್ತವೆ.

ಉತ್ತರ: ದೋಷವಲ್ಲ. ಹಲವು ಟಿವಿಗಳು ಬ್ಯಾಕ್‌ಲೈಟನ್ನು ಅತಿವೇಗದಲ್ಲಿ ಆರಿಸಿ ಹತ್ತಿಸಿ ಬೆಳಕು ಕಡಿಮೆ ಮಾಡುತ್ತವೆ. ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಕಣ್ಣು ನೋಯುತ್ತಿದ್ದರೆ ಮಾತ್ರ ಬ್ಯಾಕ್‌ಲೈಟ್ ತುಸು ಏರಿಸಿ, ಮೋಷನ್ ಆಯ್ಕೆಗಳಲ್ಲಿ ಫ್ರೇಮ್‌ಗಳ ನಡುವೆ ಕಪ್ಪು ಸೇರಿಸುವುದನ್ನು ಆಫ್ ಮಾಡಿ.

ಪ್ರಶ್ನೆ: ಪರದೆಯ ಎಡ ಅರ್ಧ ಮಾತ್ರ ನಡುಗುತ್ತದೆ, ಲಂಬ ಗೆರೆಗಳೂ ಬರುತ್ತವೆ. ಅಂಚು ಒತ್ತಿದರೆ ಸರಿಯಾಗುತ್ತದೆ.

ಉತ್ತರ: ಒತ್ತುವುದನ್ನು ಮೊದಲು ನಿಲ್ಲಿಸಿ. ಚಿತ್ರದ ಸಂಕೇತವನ್ನು ಪ್ಯಾನೆಲ್‌ಗೆ ಹಂಚುವ ಟಿ-ಕಾನ್ ಬೋರ್ಡಿನಿಂದ ಪ್ಯಾನೆಲ್‌ಗೆ ಹೋಗುವ ಎರಡು ಚಪ್ಪಟೆ ಕೇಬಲ್‌ಗಳಲ್ಲಿ ಒಂದು ಸಡಿಲವಾಗಿರಬಹುದು. ಪ್ಲಗ್ ಕಿತ್ತು, ಲಾಕ್ ತೆರೆದು, ತುದಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಒಣಗಿದ ಮೇಲೆ ನೇರವಾಗಿ ಕೂರಿಸಿ. ಆದರೂ ಉಳಿದರೆ, ಒಂದೊಂದಾಗಿ ಕೇಬಲ್ ತೆಗೆದು ಟಿವಿ ಹಾಕಿ ನೋಡಿ (ಪ್ರತಿ ಸಲ ಪ್ಲಗ್ ಕಿತ್ತೇ ತೆಗೆಯಿರಿ). ಎಡಭಾಗದ ಕೇಬಲ್ ತೆಗೆದಾಗ ಬಲಭಾಗ ಸ್ವಚ್ಛವಾಗಿ ನಿಂತರೆ ದೋಷ ಪ್ಯಾನೆಲ್‌ನ ಅಂಚಿನ ರಿಬ್ಬನ್‌ನಲ್ಲಿರುವ ಸಂಭವ ಹೆಚ್ಚು. ಅದನ್ನು ಕೂಡಿಸಲು ಬಿಸಿ ಒತ್ತುವ ಬಾಂಡಿಂಗ್ ಯಂತ್ರವೇ ಬೇಕು. ಅಂಟು, ಟೇಪು, ಬೆಸುಗೆ ಯಾವುದೂ ಅಲ್ಲಿ ನಡೆಯುವುದಿಲ್ಲ.