ಸ್ಟೀಲ್ ತಟ್ಟೆ ಮಾತ್ರ ಯಾಕೆ ತಣ್ಣಗಿರುತ್ತದೆ?

ಪ್ರಶ್ನೆ: ರಾತ್ರಿಯೆಲ್ಲ ಒಂದೇ ಕೋಣೆಯಲ್ಲಿದ್ದ ಸ್ಟೀಲ್ ತಟ್ಟೆ ಮತ್ತು ಮರದ ಹಲಗೆಯನ್ನು ಬೆಳಿಗ್ಗೆ ಮುಟ್ಟಿದರೆ ತಟ್ಟೆಯೇ ಜಾಸ್ತಿ ತಣ್ಣಗಿರುತ್ತದೆ. ಎರಡರ ತಾಪಮಾನವೂ ಒಂದೇ ಇರಬೇಕಲ್ವಾ? ಹಾಗೆಯೇ, ಕಂಬಳಿಗೆ ಬಿಸಿ ಎಲ್ಲಿಂದ ಬರುತ್ತದೆ?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಎರಡರ ತಾಪಮಾನವೂ ಒಂದೇ. ಥರ್ಮಾಮೀಟರ್ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಆದರೆ ನಮ್ಮ ಕೈ ಥರ್ಮಾಮೀಟರ್ ಅಲ್ಲ. ಶಾಖ ಎಷ್ಟು ಬೇಗ ಕೈ ಬಿಟ್ಟು ಹೋಗುತ್ತಿದೆ ಎನ್ನುವುದೇ ಅದಕ್ಕೆ ಮುಖ್ಯವಾಗಿ ತಿಳಿಯುವುದು.

ಅಂಗೈ ಚರ್ಮ ಸುಮಾರು 33 ಡಿಗ್ರಿ ಇರುತ್ತದೆ, ಕೋಣೆ 25 ಡಿಗ್ರಿ ಅಂದುಕೊಳ್ಳಿ. ಶಾಖ ತಾನಾಗಿ ಹರಿಯುವುದು ಯಾವಾಗಲೂ ಬಿಸಿಯಿಂದ ತಣ್ಣನೆಯ ಕಡೆಗೆ. ಹಲಗೆ ಮುಟ್ಟಿದಾಗ ಬೆರಳಿನ ಕೆಳಗಿನ ತೆಳು ಪದರವಷ್ಟೇ ಬೆಚ್ಚಗಾಗುತ್ತದೆ, ಆ ಶಾಖ ಅಲ್ಲೇ ನಿಲ್ಲುತ್ತದೆ, ಹರಿವು ನಿಧಾನವಾಗುತ್ತದೆ. ಸ್ಟೀಲಿನಲ್ಲಿ ಹಾಗಲ್ಲ. ಅದು ಮರಕ್ಕಿಂತ ಸುಮಾರು 100 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಒಳಗೆ ಬಂದ ಶಾಖ ಕೂಡಲೇ ಸುತ್ತ ಹರಡಿಕೊಂಡು ಮತ್ತಷ್ಟು ಎಳೆದುಕೊಳ್ಳುತ್ತಲೇ ಇರುತ್ತದೆ. ಇದಕ್ಕೆ ಉಷ್ಣ ವಹನ ಎನ್ನುತ್ತಾರೆ. ಎರಡೂ 50 ಡಿಗ್ರಿಗೆ ಕಾದಿದ್ದರೆ ಕತೆ ತಿರುಗುಮುರುಗು: ಆಗ ಸ್ಟೀಲ್ ಚುರುಕ್ ಎನ್ನುತ್ತದೆ, ಮರವನ್ನು ಮುಟ್ಟಬಹುದು.

ಒಂದು ಪ್ರಯೋಗ ದಯವಿಟ್ಟು ಮಾಡಿ ನೋಡಿ. ದಪ್ಪ ಅಲ್ಯೂಮಿನಿಯಂ ಪಾತ್ರೆಯನ್ನು ಬೋರಲು ಹಾಕಿ ಅದರ ಮೇಲೊಂದು, ಹಲಗೆಯ ಮೇಲೊಂದು ಐಸ್ ತುಂಡು ಇಡಿ. ಯಾವುದು ಮೊದಲು ಕರಗುತ್ತದೆ? ಹಲಗೆಯ ಮೇಲಿನದು ಅಂತ ಹೆಚ್ಚಿನವರು ಹೇಳುತ್ತಾರೆ, ಮರ ಬೆಚ್ಚಗಿದೆಯಲ್ಲ! ನೋಡನೋಡುತ್ತಿದ್ದಂತೆ ಪಾತ್ರೆಯ ಮೇಲಿನ ತುಂಡಿನ ಸುತ್ತ ನೀರು ನಿಲ್ಲುತ್ತದೆ, ತುಂಡು ತನ್ನದೇ ನೀರಿನ ಮೇಲೆ ಜಾರತೊಡಗುತ್ತದೆ. ಹಲಗೆಯ ಮೇಲಿನದರ ಅಂಚು ಇನ್ನೂ ಚೂಪಾಗಿಯೇ ಇರುತ್ತದೆ. ತಣ್ಣಗೆ ಅನಿಸಿದ ಲೋಹವೇ ಐಸ್‌ಗೆ ಬೇಗ ಶಾಖ ಕೊಟ್ಟಿತು.

ಕಂಬಳಿಗೆ ಸ್ವಂತ ಬಿಸಿ ಇಲ್ಲ. ಬಿಸಿ ನಿಮ್ಮ ಮೈಯದು. ಕಂಬಳಿಯ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ, ಅಲುಗಾಡದ ಗಾಳಿ ಮರಕ್ಕಿಂತಲೂ ಕೆಟ್ಟ ವಾಹಕ. ಅದಕ್ಕೇ ಐಸನ್ನು ಕಂಬಳಿಯಲ್ಲಿ ಸುತ್ತಿಟ್ಟರೆ ಬೇಗ ಕರಗುವುದಿಲ್ಲ. ಫ್ಯಾನ್ ಮಾಡುವುದು ಇದರ ಉಲ್ಟಾ ಕೆಲಸ. ಮೈಗೆ ಅಂಟಿಕೊಂಡ ಬೆಚ್ಚನೆಯ ಗಾಳಿಯನ್ನು ಸರಿಸಿ ಬೆವರನ್ನು ಆರಿಸುತ್ತದೆ. ಕೋಣೆಯನ್ನೇನೂ ತಣ್ಣಗೆ ಮಾಡುವುದಿಲ್ಲ, ಯಾರೂ ಇಲ್ಲದ ಕಡೆ ಸುಮ್ನೆ ಓಡಿಸಬೇಡಿ.

ಶಾಖಕ್ಕೆ ಇನ್ನೊಂದು ದಾರಿ ವಿಕಿರಣ, ಅಂದರೆ ಬಿಸಿ ವಸ್ತುವಿನಿಂದ ಶಾಖ ಕಿರಣಗಳಾಗಿ ಹೊರಡುವುದು. ಅದಕ್ಕೆ ಗಾಳಿಯೂ ಬೇಡ. ಬೆಂಕಿಯ ಮುಂದೆ ಕೂತಾಗ ಮುಖ ಸುಡುತ್ತದೆ, ಬೆನ್ನು ತಣ್ಣಗಿರುತ್ತದೆ. ಯಾರಾದರೂ ಅಡ್ಡ ನಿಂತರೆ ಮುಖದ ಬಿಸಿಯೂ ತಟ್ಟನೆ ನಿಲ್ಲುತ್ತದೆ.

ಈ ಎಲ್ಲ ದಾರಿಗಳನ್ನೂ ಕಟ್ಟಿದ್ದು ಫ್ಲಾಸ್ಕ್. ಎರಡು ಗೋಡೆಗಳ ನಡುವೆ ಗಾಳಿ ತೆಗೆದ ಖಾಲಿ ಜಾಗ, ವಿಕಿರಣವನ್ನು ವಾಪಸ್ ಕಳಿಸಲು ಒಳಗೆ ಹೊಳೆಯುವ ಲೇಪ. 1892ರಲ್ಲಿ ವಿಜ್ಞಾನಿ ಜೇಮ್ಸ್ ಡ್ಯೂವರ್ ಇದನ್ನು ಮಾಡಿದ್ದು ಅತಿ ತಣ್ಣನೆಯ ದ್ರವಗಳನ್ನು ಕಾಪಾಡಲಿಕ್ಕೆ! ಇದರಲ್ಲಿ ಶಾಖ ಹೆಚ್ಚಾಗಿ ಸೋರುವುದು ಬಾಯಿಯ ಕಡೆಯಿಂದ. ಹಾಗಾಗಿ ಮುಚ್ಚಳ ಬಿಗಿಯಾಗಿರಲಿ, ಪದೇ ಪದೇ ತೆಗೆಯಬೇಡಿ.