ಸೇಬಿನ ಗುರುತಿನ ರೆಕಾರ್ಡು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ತಾತನ ಪೆಟ್ಟಿಗೆಯಲ್ಲಿ ಬೀಟಲ್ಸ್ ರೆಕಾರ್ಡೊಂದು ಸಿಕ್ಕಿದೆ. ಒಂದು ಬದಿಯ ಲೇಬಲ್ಲಿನಲ್ಲಿ ಇಡೀ ಹಸಿರು ಸೇಬು, ಇನ್ನೊಂದರಲ್ಲಿ ಹೆಚ್ಚಿದ ಸೇಬು. ಇದು ಅವರದೇ ಕಂಪನಿಯಂತೆ. ಹಾಗಾದರೆ ಒತ್ತಿದವರೂ ಅವರೇನಾ? (ಓದುಗರೊಬ್ಬರು, ಬಸವನಗುಡಿ)

ಉತ್ತರ: ಅಲ್ಲ. 1968ರಲ್ಲಿ ಶುರುವಾದ ಆಪಲ್ ರೆಕಾರ್ಡ್ಸ್‌ಗೆ ಸ್ವಂತ ಕಾರ್ಖಾನೆ ಇರಲೇ ಇಲ್ಲ. ಹೊಸ ಕಲಾವಿದರನ್ನು ಆರಿಸುವುದು, ಪತ್ರಿಕೆಗಳವರೊಡನೆ ಮಾತಾಡುವುದು, ಹಣದ ಲೆಕ್ಕ ಇವೆಲ್ಲ ಲಂಡನ್ನಿನ 3, ಸೆವಿಲ್ ರೋ ಕಟ್ಟಡದಲ್ಲಿ ನಡೆಯುತ್ತಿದ್ದವು. ರೆಕಾರ್ಡು ಒತ್ತಿ ಅಂಗಡಿಗೆ ಮುಟ್ಟಿಸುತ್ತಿದ್ದದ್ದು ಇಎಂಐ ಎಂಬ ಬ್ರಿಟಿಷ್ ರೆಕಾರ್ಡ್ ಕಂಪನಿ, ಅಮೆರಿಕದಲ್ಲಿ ಅದರದೇ ಕ್ಯಾಪಿಟಲ್. ಅದರ ಗುರುತು ನಂಬರಿನಲ್ಲೇ ಇದೆ. 1968ರ ಆಗಸ್ಟಿನ 'ಹೇ ಜೂಡ್' ಮೇಲೆ ಸೇಬಿದ್ದರೂ ಅದರ ನಂಬರು ಆರ್ 5722, ಅಂದರೆ ಇಎಂಐನದೇ ಪಾರ್ಲೋಫೋನ್ ಹೆಸರಿನ ರೆಕಾರ್ಡುಗಳ ಸಾಲಿನದು. ಬೀಟಲ್ಸ್ ಕರಾರು ಇನ್ನೂ ಇಎಂಐ ಜೊತೆಗಿತ್ತು. 'ಹೇ ಜೂಡ್' ಜೊತೆಗೇ ಬಂದ ಗಾಯಕಿ ಮೇರಿ ಹಾಪ್‌ಕಿನ್ ರೆಕಾರ್ಡಿಗಾದರೋ ಆಪಲ್ ಸಾಲಿನದೇ 'ಆಪಲ್ 2' ಎಂಬ ನಂಬರು.

ಪ್ರಶ್ನೆ: ಆ ಕಟ್ಟಡದ ನೆಲಮಾಳಿಗೆಯ ಸ್ಟುಡಿಯೋ ಕೆಲಸಕ್ಕೇ ಬರಲಿಲ್ಲ ಅನ್ನುತ್ತಾರೆ, ಏಕೆ? (ಓದುಗರೊಬ್ಬರು, ಮಲ್ಲೇಶ್ವರ)

ಉತ್ತರ: ಮೊದಲ ಸಲ ಬರಲಿಲ್ಲ, ನಿಜ. 1969ರ ಜನವರಿಯಲ್ಲಿ ನೋಡಿದರೆ ಹೊಸ ಮಿಕ್ಸಿಂಗ್ ಮೇಜು ಬಳಸುವಂತಿರಲಿಲ್ಲ. ಹಾಡುವ ಕೋಣೆಯಿಂದ ನಿಯಂತ್ರಣ ಕೋಣೆಗೆ ಮೈಕಿನ ತಂತಿ ಹಾಯಿಸಲು ಗೋಡೆಯಲ್ಲಿ ದಾರಿಯನ್ನೇ ಬಿಟ್ಟಿರಲಿಲ್ಲ. ಕೊನೆಗೆ ಇಎಂಐ ಸ್ಟುಡಿಯೋದಿಂದ ಸಲಕರಣೆ ಎರವಲು ತಂದು ಕೆಲಸ ಮುಗಿಸಿದರು. ಪೂರ್ತಿ ಬಿಚ್ಚಿ ಕಟ್ಟಿದ ಸ್ಟುಡಿಯೋ ತೆರೆದದ್ದು 1971ರಲ್ಲಿ. ಆದರೆ ಅಲ್ಲಿದ್ದ ಕಟಿಂಗ್ (ತಟ್ಟೆಯಲ್ಲಿ ಹಾಡಿನ ಗೆರೆ ಕೊರೆಯುವ) ಕೋಣೆಯ ಕೈಗಳು ಬಲು ಒಳ್ಳೆಯವು. ಅಲ್ಲಿ ಪಳಗಿದ ಜಾರ್ಜ್ ಪೆಕ್‌ಹ್ಯಾಮ್ ತಾನು ಕೊರೆದ ತಟ್ಟೆಗಳ ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ 'ಎ ಪೋರ್ಕಿ ಪ್ರೈಮ್ ಕಟ್' ಎಂದು ಗೀಚಿ ಹೆಸರಾದವರು.

ಪ್ರಶ್ನೆ: ನಮ್ಮ ಬ್ಯಾಂಡಿನ ಹಾಡುಗಳನ್ನು ಎಲ್‌ಪಿ ಮಾಡಿಸಬೇಕೆಂದಿದ್ದೇವೆ. ಈ ಕಟಿಂಗ್ ಅಂದರೇನು, ನಾವೇನು ಸಿದ್ಧ ಮಾಡಿಕೊಳ್ಳಬೇಕು? (ಓದುಗರೊಬ್ಬರು, ಇಂದಿರಾನಗರ)

ಉತ್ತರ: ಅಲ್ಯೂಮಿನಿಯಂ ತಟ್ಟೆಗೆ ಲ್ಯಾಕರ್ (ಮೆರುಗೆಣ್ಣೆಯಂಥ ಲೇಪ) ಬಳಿದಿರುತ್ತಾರೆ. 12 ಇಂಚಿನ ರೆಕಾರ್ಡಿಗೆ 14 ಇಂಚಿನ ತಟ್ಟೆ ಬೇಕು. ಕಾಯಿಸಿದ ನೀಲಮಣಿಯ ಮುಳ್ಳು ಅದರಲ್ಲಿ ಗೆರೆ ಕೊರೆಯುತ್ತ ಹೋದಂತೆ ಕೂದಲಿನಂಥ ಸಿಪ್ಪೆ ಏಳುತ್ತದೆ. ಪಕ್ಕದ ಕೊಳವೆ ಅದನ್ನು ಹೀರಿಕೊಳ್ಳಬೇಕು, ಒಂದು ಎಳೆ ಮುಳ್ಳಿಗೆ ಸುತ್ತಿಕೊಂಡರೂ ಆ ಬದಿ ಹಾಳು. ಲ್ಯಾಕರ್ ಮೇಲೆ ಬೆಳ್ಳಿಯ ಲೇಪ ಕೊಟ್ಟು, ನಿಕ್ಕಲ್ ಬೆಳೆಸಿ ಫಾದರ್ (ಗೆರೆ ಉಬ್ಬಿರುವ ಲೋಹದ ಅಚ್ಚು), ಅದರಿಂದ ಮದರ್ (ಗೆರೆ ತಗ್ಗಿರುವ ಪ್ರತಿ), ಮದರ್‌ನಿಂದ ಒತ್ತುವ ಸ್ಟ್ಯಾಂಪರ್ ತೆಗೆಯುತ್ತಾರೆ.

ಬ್ಯಾಂಡಿನವರು ಎಡವುವುದು ಜಾಗದ ಲೆಕ್ಕದಲ್ಲಿ. ಸದ್ದು, ಅದರಲ್ಲೂ ಬೇಸ್, ಜೋರಾದಷ್ಟೂ ಗೆರೆ ಅಗಲ ಓಲಾಡುತ್ತದೆ, ಸುತ್ತುಗಳು ಕಡಿಮೆ ಹಿಡಿಯುತ್ತವೆ. ಒಂದು ಬದಿಯನ್ನು 18ರಿಂದ 20 ನಿಮಿಷದೊಳಗೆ ಇಡಿ. 25 ನಿಮಿಷ ತುಂಬಿದರೆ ಕಟಿಂಗ್ ಮಾಡುವವರು ಸದ್ದು ಇಳಿಸಲೇಬೇಕು, ಆಗ ಮೇಲ್ಮೈಯ ಚಟಪಟ ಎದ್ದು ಕೇಳುತ್ತದೆ. 7 ನಿಮಿಷ ದಾಟುವ 'ಹೇ ಜೂಡ್' 7 ಇಂಚಿನ ತಟ್ಟೆಯ ಒಂದೇ ಬದಿಗೆ ಹಿಡಿಯಿತೆಂದರೆ ಅದು ಕೊರೆದವರ ಕೈಚಳಕ.

150 ಹರ್ಟ್ಸ್‌ಗಿಂತ ಕೆಳಗಿನ ಬೇಸ್ ಮಧ್ಯದಲ್ಲೇ ಇರಲಿ. ಎಡಬಲಕ್ಕೆ ಬೇರೆಬೇರೆ ಹಂಚಿದರೆ ಗೆರೆ ಆಳವಾಗುವುದು, ತೇಲುವುದು ನಡೆದು ಮುಳ್ಳು ಹಾರುತ್ತದೆ. ಇನ್ನು ಹಾಡುಗಳ ಸಾಲು: ಎಲ್‌ಪಿಯ ಹೊರಸುತ್ತಿನಲ್ಲಿ ಗೆರೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಓಡಿದರೆ ಒಳಸುತ್ತಿನಲ್ಲಿ ಸುಮಾರು 21 ಸೆಂ.ಮೀ. ಅಷ್ಟೆ. ಅದೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ತುರುಕಿದಾಗ ಸ, ಶ, ಚ ಅಕ್ಷರಗಳು ಉಗುಳಿದಂತೆ ಕೇಳುತ್ತವೆ. ಆದ್ದರಿಂದ ಅಬ್ಬರದ ಹಾಡು ಬದಿಯ ಮೊದಲಿಗೆ, ಮೆಲುದನಿಯದು ಕೊನೆಗೆ. ಟೆಸ್ಟ್ ಪ್ರೆಸಿಂಗ್ (ಪರೀಕ್ಷೆಗೆಂದು ಮೊದಲು ಒತ್ತಿದ ಕೆಲವು ಪ್ರತಿ) ಬಂದಾಗ ಒಳಗಿನ ಹಾಡನ್ನೇ ಮೊದಲು ಕೇಳಿ. ಎಲ್ಲ ಪ್ರತಿಯಲ್ಲೂ ಒಂದೇ ಜಾಗದಲ್ಲಿ 'ಟಿಕ್' ಎಂದರೆ ತಪ್ಪು ಸ್ಟ್ಯಾಂಪರಿನದು ಅಥವಾ ಅದಕ್ಕೂ ಹಿಂದಿನದು. ಒಂದರಲ್ಲಿ ಮಾತ್ರ ಇದ್ದರೆ ಒತ್ತುವಾಗಿನದು. ತಟ್ಟೆ ಬಟ್ಟಲಿನಂತೆ ಸೊಟ್ಟಗಿದ್ದರೆ ಅಚ್ಚಿನಲ್ಲಿ ಸಾಕಷ್ಟು ಆರುವ ಮೊದಲೇ ತೆಗೆದಿರುವ ಸಾಧ್ಯತೆ ಹೆಚ್ಚು. ಒಪ್ಪಬೇಡಿ.

ಪ್ರಶ್ನೆ: ಭಾನುವಾರ ಚಿಕ್ಕಪೇಟೆ ಕಡೆಯ ಸಂತೆಯಲ್ಲಿ ಹಳೇ ರೆಕಾರ್ಡು ಕೊಳ್ಳುವಾಗ ಏನು ನೋಡಬೇಕು? (ಓದುಗರೊಬ್ಬರು, ವಿಜಯನಗರ)

ಉತ್ತರ: ಬಿಸಿಲಿಗೆ ಓರೆಯಾಗಿ ಹಿಡಿಯಿರಿ, ನಡುತೂತಿನ ಸುತ್ತ ಬಿರುಕು ನೋಡಿ. ಆಮೇಲೆ ಲೇಬಲ್ ಪಕ್ಕದ ಖಾಲಿ ಜಾಗ. ಇಎಂಐ ಬ್ರಿಟನ್ನಿನಲ್ಲಿ ಒತ್ತಿದ ಪ್ರತಿಯಾದರೆ ಗಡಿಯಾರದ 6ರ ಕಡೆ ಮ್ಯಾಟ್ರಿಕ್ಸ್ ನಂಬರು (ಯಾವ ಕೊರೆತದ ತಟ್ಟೆ ಎಂಬ ಗುರುತು), 9ರ ಕಡೆ ಮದರ್ ನಂಬರು, 3ರ ಕಡೆ ಅಕ್ಷರ ಇರುತ್ತವೆ. ಆ ಅಕ್ಷರವೇ ಸ್ಟ್ಯಾಂಪರ್ ನಂಬರು: ಜಿ 1, ಆರ್ 2, ಎ 3, ಎಂ 4, ಓ 5, ಪಿ 6, ಎಚ್ 7, ಎಲ್ 8, ಟಿ 9, ಡಿ 0. 'ಆರ್‌ಓ' ಎಂದರೆ 25ನೆಯದು. ನಂಬರು ಸಣ್ಣದಾದಷ್ಟೂ ಒತ್ತಿದ ಕಾಲ ಮುಂಚಿನದು. ಭಾರತದಲ್ಲೇ, ಕೋಲ್ಕತ್ತದ ದಮ್‌ದಮ್ ಕಾರ್ಖಾನೆಯಲ್ಲಿ ಒತ್ತಿದ ಪ್ರತಿಗಳಿಗೆ ಈ ಲೆಕ್ಕ ಹಚ್ಚಬೇಡಿ.

ತೊಳೆಯುವಾಗ ಶುದ್ಧೀಕರಿಸಿದ ನೀರಿಗೆ ಎರಡು ಹನಿ ಪಾತ್ರೆ ಸೋಪು ಸಾಕು. ಲೇಬಲ್ ನೆನೆಯಬಾರದು, ಬ್ರಷ್ಷು ಗೆರೆಯ ಸುತ್ತಿನಲ್ಲೇ ಹೋಗಬೇಕು. ಭಾರತದಲ್ಲಿ ಬೀಟಲ್ಸ್ ಹಾಡುಗಳು 78ರ ವೇಗದ ಅರಗಿನ ತಟ್ಟೆಗಳಾಗಿಯೂ ಬಂದಿದ್ದವು. ಅಂಥದ್ದು ಕೈಗೆ ಸಿಕ್ಕರೆ ಸ್ಪಿರಿಟ್ ಮಾತ್ರ ಮುಟ್ಟಿಸಬೇಡಿ, ಅರಗು ಕರಗಿ ಹಾಡೇ ಅಳಿಸಿಹೋಗುತ್ತದೆ.